ಮೇಲಿನ ಹಾಳೆ ನೋಡಿ ಎಣಿಸಿದ ಗಂಡಸರು

ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಕೆಲಸ ಎಂದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ನನ್ನ ನಾದಿನಿಯಂತೂ, ಆಫೀಸಿನವರು ವರ್ಷಕ್ಕೊಮ್ಮೆ ನನ್ನನ್ನು ವಿಮಾನ ಹತ್ತಿಸುತ್ತಾರೆ, ಕಣ್ಣುಬಿದ್ದೀತು ಎಂದು ನಾನು ಯಾರಿಗೂ ಹೇಳುತ್ತಿಲ್ಲ ಎಂದೇ ಕೊನೆಯವರೆಗೂ ನಂಬಿದ್ದಳು. ಮೂವತ್ತು ವರ್ಷ ಮೀರಿದ ಸರ್ವೀಸಿನಲ್ಲಿ ನಾನು ಆಫೀಸಿನ ಕೆಲಸಕ್ಕೆಂದು ಹೋದ ಅತಿ ದೂರದ ಊರು ಬೆಂಗಳೂರು. ಅದೂ ಮಂಡ್ಯದವರೆಗೆ ನಿಂತುಕೊಂಡು.

ಈ ವಿಭಾಗಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಇಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ನನ್ನ ಬಡ್ತಿಗೆ ಕಲ್ಲು ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ನಮ್ಮ ಮನೆಯವರೇ ಕೇಳುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು.

ನನ್ನ ಹೆಸರು ಜಯಮ್ಮ. ಮೈಸೂರಿನ ಒಂದು ದೊಡ್ಡ ವಿದ್ಯಾಸಂಸ್ಥೆಯಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದೆ. ನನ್ನ ಮುಖ್ಯ ಕೆಲಸ ವರ್ಷಕ್ಕೊಂದು ಪಟ್ಟಿ ತಯಾರಿಸುವುದು. ಅದರ ಪೂರ್ತಿ ಹೆಸರು ‘ಉನ್ನತ ಶಿಕ್ಷಣಕ್ಕೆ ದಾಖಲಾದ ವಿದೇಶಿ ಪುರುಷ ವಿದ್ಯಾರ್ಥಿಗಳ ಪ್ರದೇಶವಾರು ತುಲನಾತ್ಮಕ ಪಟ್ಟಿ’. ಹೆಣ್ಣುಮಕ್ಕಳ ಪಟ್ಟಿಯನ್ನು ಪಕ್ಕದ ಮಹಿಳಾ ಕೋಶ ತಯಾರಿಸುತ್ತಿತ್ತು. ಆ ಕೋಶದ ಮುಖ್ಯಸ್ಥರು ಒಬ್ಬ ಗಂಡಸು. ಗಂಡಸರನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಹೀಗೇಕೆ ಎಂದು ಕೇಳಿದವರಿಗೆ ಅದು ಮೊದಲಿಂದ ಬಂದ ಪದ್ಧತಿ ಎನ್ನುತ್ತಿದ್ದರು. ನಮ್ಮ ಸಂಸ್ಥೆಯಲ್ಲಿ ಈ ಉತ್ತರ ಬಂದ ಮೇಲೆ ಎರಡನೇ ಪ್ರಶ್ನೆ ಕೇಳುವುದು ಅಶಿಸ್ತು.

ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಅವರೂ ತಲೆ ಎಣಿಸುವವರೇ. ನಾನು ಮೊದಲ ಪಟ್ಟಿ ಮುಗಿಸಿ ಬಂದ ದಿನ ಅವರು ಊಟಕ್ಕೆ ಕೂತು ಕೇಳಿದರು.

“ಅಷ್ಟೂ ಗಂಡಸ್ರುನ್ನ ನೀನೇ ಎಣಿಸ್ದಾ?”

“ಹೂಂ ಕಣ್ರೀ.”

“ಒಬ್ಬೊಬ್ರ ಮುಕ ನೋಡಿ?”

“ಮುಖ ಯಾಕೆ? ಫೈಲು ನೋಡಿ.”

“ಅಂಗಾದ್ರೆ ನೀನು ಎಣಿಸಿದ್ದು ಫೈಲ ಕಣೆ, ಗಂಡಸ್ರುನ್ನಲ್ಲ. ನಾನೇನಾದ್ರೂ ಅಂಗೆ ಟಿಕೆಟ್ ಪುಸ್ತಕ ಮಾತ್ರ ನೋಡಿ ಎಣಿಸ್ಬುಟ್ಟಿದ್ರೆ ಚೆಕಿಂಗ್‌ನೋರು ನನ್ನ ಮದ್ದೂರಲ್ಲೇ ಇಳಿಸ್ತಿದ್ರು.”

ಓದು ಕಡಿಮೆ, ಅದಕ್ಕೇ ಹೀಗೆ ಮಾತಾಡುತ್ತಾರೆ ಎಂದುಕೊಂಡು ನಾನು ಸಾರು ಬಡಿಸಿದೆ.

ನನಗೆ ಕೆಲಸ ಕಲಿಸಿದವರು ಶಿವಣ್ಣನವರು, ಆಗಿನ ಸೂಪರಿಂಟೆಂಡೆಂಟ್. ನಂಜನಗೂಡಿನಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅದರಾಚೆಗಿನ ಲೋಕದ ಬಗ್ಗೆ ಅವರಿಗೆ ಕುತೂಹಲವೂ ಇರಲಿಲ್ಲ, ತಕರಾರೂ ಇರಲಿಲ್ಲ. ಅವರ ಬೀರುವಿನಲ್ಲಿ ಇಡೀ ಪ್ರಪಂಚ ಐದು ಕಟ್ಟುಗಳಾಗಿ ಕೂತಿತ್ತು: ಆಫ್ರಿಕಾ, ಪಶ್ಚಿಮ ಏಷ್ಯಾ, ನೆರೆದೇಶ, ಪೂರ್ವದೇಶ, ಇತರೆ. ಮಾರಿಷಸ್ಸಿನಿಂದ ಬಂದ ಒಬ್ಬನನ್ನು ಅವರು ನೋಡಿದ ಕೂಡಲೇ ನೆರೆದೇಶದ ಕಟ್ಟಿಗೆ ಸೇರಿಸಿದರು. ಮಧ್ಯೆ ಸಮುದ್ರವಿದೆಯಲ್ಲ ಸಾರ್ ಎಂದೆ. “ಮುಖ ನೋಡಮ್ಮ, ನಮ್ಮ ಹುಲ್ಲಹಳ್ಳಿ ಕಡೆಯೋನ ಹಂಗವ್ನೆ. ಇವನನ್ನ ಅಷ್ಟ್ ದೂರಕ್ಕೆ ಯಾಕೆ ತಳ್ಳೋದು?” ಎಂದರು. ಅವರಲ್ಲಿ ದಯೆಯಿತ್ತು, ಭೂಗೋಳ ಇರಲಿಲ್ಲ.

ಅವರು ಕಲಿಸಿದ ಮುಖ್ಯ ಪಾಠ ಇದು. ಪ್ರತಿ ವಿದ್ಯಾರ್ಥಿಗೂ ಒಂದು ಫೈಲು. ಕಾಗದಗಳು ಬಂದಂತೆಲ್ಲ ಒಂದರ ಮೇಲೊಂದು ಟ್ಯಾಗಿಗೆ ಪೋಣಿಸಬೇಕು. ಅರ್ಜಿ ಮೊದಲು ಬರುತ್ತದೆ, ಆಮೇಲೆ ಅಂಕಪಟ್ಟಿ, ಪಾಸ್‌ಪೋರ್ಟಿನ ಪ್ರತಿ. ಕೊನೆಗೆ ಬರುವುದು ವೀಸಾದ ಪ್ರತಿ. ಹಾಗಾಗಿ ಯಾವ ಫೈಲು ತೆರೆದರೂ ಮೇಲೆ ಕಾಣುವುದು ವೀಸಾ. ಅದರ ಮೇಲೆ ಯಾವ ಊರಿನಲ್ಲಿ ವೀಸಾ ಕೊಟ್ಟರು ಎಂದು ಬರೆದಿರುತ್ತದೆ. ಆ ಊರು ಎಲ್ಲಿದೆಯೋ ವಿದ್ಯಾರ್ಥಿ ಆ ಕಟ್ಟಿಗೆ ಸೇರಿದವನು.

“ಸಾರ್, ಇವನದು ಯಾವ ದೇಶ ಅಂತ ಪಾಸ್‌ಪೋರ್ಟಲ್ಲಿ ಇರುತ್ತಲ್ಲ, ಅದು ಕೆಳಗಿದೆ” ಎಂದೆ ನಾನು, ಹೊಸ ಹುರುಪಿನಲ್ಲಿ.

“ದಿನಾ ಟ್ಯಾಗ್ ಬಿಚ್ಚಿದ್ರೆ ಹಾಳೆ ಹರೀತದೆ ಕಣಮ್ಮ. ಮೇಲಿನ ಹಾಳೆ ಏನ್ ಹೇಳ್ತದೋ ಅದೇ. ಕೆಳಗಡೆ ಏನೈತೆ ಅಂತ ನೋಡಕ್ಕೋದ್ರೆ ಕೆಲ್ಸ ಮುಗಿಯಾಕಿಲ್ಲ.”

ಮೇಲಿನ ಹಾಳೆ ನೋಡುವುದು ಸುಲಭವಾಗಿತ್ತು. ನಾಲ್ಕು ಗಂಟೆಗೆ ಪಟ್ಟಿ ಮುಗಿಸಿ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ತೆಗೆದುಕೊಂಡು ಮನೆಗೆ ಹೋಗಬಹುದಿತ್ತು. ಶಿವಣ್ಣನವರು ನಿವೃತ್ತರಾದ ಮೇಲೆ ನಾನೂ ಹೊಸಬರಿಗೆ ಅದನ್ನೇ, ಅದೇ ಗತ್ತಿನಲ್ಲಿ ಕಲಿಸಿದೆ.

ನಡುವೆ ಕಂಪ್ಯೂಟರು ಬಂತು. ರೂಲುಹಾಳೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದ ಪಟ್ಟಿ ಪರದೆಗೆ ಹತ್ತಿತು. ಅದರ ಜೊತೆಗೆ ಬಂದವರು ನಿರ್ದೇಶಕ ಮೂರ್ತಿ ಸಾಹೇಬರು. ಇವರಿಗೆ ಅಂಕಿ ಓದಲು ಬೇಸರ, ಬಣ್ಣದ ಕಂಬಗಳೆಂದರೆ ಪ್ರಾಣ. ಏರಿದ ಪ್ರದೇಶಕ್ಕೆ ಹಸಿರು ಕಂಬ, ಇಳಿದ ಪ್ರದೇಶಕ್ಕೆ ಕೆಂಪು ಕಂಬ. ಮೊದಲು ನಮ್ಮ ತಪ್ಪುಗಳಿಗೆ ಬಣ್ಣ ಇರಲಿಲ್ಲ, ಆಮೇಲೆ ಬಂತು.

ಹೋಲಿಕೆ ಎಂದರೆ ಸಾಹೇಬರಿಗೆ ಒಂದು ಶಾಸ್ತ್ರವಿತ್ತು. ನಮಗಿಂತ ಹೆಚ್ಚು ವಿದೇಶಿ ಗಂಡುಮಕ್ಕಳಿರುವ ಸಂಸ್ಥೆಯೊಂದಿಗೆ ನಮ್ಮನ್ನು ಹೋಲಿಸಿದರೆ ಅದು ಅವೈಜ್ಞಾನಿಕ. ನಮಗಿಂತ ಕಡಿಮೆ ಇರುವವರೊಂದಿಗೆ ಹೋಲಿಸಿದರೆ ವೈಜ್ಞಾನಿಕ. ಒಂದು ವರ್ಷ ಇಂಥ ವೈಜ್ಞಾನಿಕ ಸಂಸ್ಥೆ ದಕ್ಷಿಣ ಭಾರತದಲ್ಲಿ ಎಲ್ಲೂ ಸಿಗದೆ ಎರಡು ದಿನ ಹುಡುಕಿದೆವು.

ಇನ್ನೊಂದು ವರ್ಷ ಪೆಸಿಫಿಕ್ ಸಾಗರದ ಯಾವುದೋ ಪುಟ್ಟ ದ್ವೀಪದಿಂದ ಒಬ್ಬನೇ ಒಬ್ಬ ಬಂದು ಸೇರಿದ. ಹಿಂದಿನ ವರ್ಷ ಅಲ್ಲಿಂದ ಯಾರೂ ಬಂದಿರಲಿಲ್ಲ. ಸೊನ್ನೆಯಿಂದ ಒಂದಕ್ಕೆ ಏರಿದರೆ ಶೇಕಡಾ ಎಷ್ಟು ಎಂದು ಸಾಹೇಬರು ಕೇಳಿದರು. ಕಂಪ್ಯೂಟರು ತಪ್ಪೆಂದು ತೋರಿಸಿತು. ಗಣಿತ ವಿಭಾಗದ ಮೇಷ್ಟ್ರೊಬ್ಬರು ಕುಚೋದ್ಯಕ್ಕೆ “ಅನಂತ ಅಂತ ಹಾಕಿ” ಎಂದರು. ಸಾಹೇಬರು ಹಾಕಿಸಿಯೇಬಿಟ್ಟರು. ‘ಪೆಸಿಫಿಕ್ ಪ್ರದೇಶ: ಅನಂತ ಬೆಳವಣಿಗೆ’ ಎಂದು ವಾರ್ಷಿಕ ವರದಿಯಲ್ಲಿ ಅಚ್ಚಾಯಿತು. ಆ ಅನಂತನಿಗೆ ನಮ್ಮ ಮೆಸ್ಸಿನ ಊಟ ಒಗ್ಗಲಿಲ್ಲ. ಮೂರು ತಿಂಗಳಿಗೆ ವಾಪಸು ಹೋದ. ಹಸಿರು ಕಂಬ ಬಿದ್ದುಹೋಯಿತೆಂದು ಸಾಹೇಬರು ನನ್ನ ಕೈಲಿ ಅವನಿಗೆ ಫೋನು ಮಾಡಿಸಿದರು. ಆ ಕಡೆ ಅವನ ತಾಯಿ ಎತ್ತಿಕೊಂಡರು. ನಾನು ಗೊತ್ತಿದ್ದ ಇಂಗ್ಲಿಷಿನಲ್ಲಿ ನಿಮ್ಮ ಮಗ ಚೆನ್ನಾಗಿದ್ದಾನಾ ಎಂದು ಕೇಳಿ ಇಟ್ಟುಬಿಟ್ಟೆ.

ಇಷ್ಟೆಲ್ಲ ಹೇಳಿದ್ದು ನಗಿಸಲು. ಮುಂದಿನದರಲ್ಲಿ ನಗು ಇದ್ದರೂ ಅದರ ಕೆಳಗೆ ನನ್ನ ತಪ್ಪಿದೆ.

ನನ್ನ ನಿವೃತ್ತಿಗೆ ವರ್ಷವಿರುವಾಗ ನಮ್ಮ ಕಿಟಕಿಯ ಹತ್ತಿರ ಒಬ್ಬ ಎತ್ತರದ ಸಂಶೋಧನಾ ವಿದ್ಯಾರ್ಥಿ ಬಂದು ನಿಂತ. ಹೆಸರು ಇದ್ರಿಸ್, ಊರು ಸುಡಾನ್. ಮೈಸೂರಿಗೆ ಬಂದು ಮೂರು ವರ್ಷವಾಗಿತ್ತು. ಶಿಕ್ಷಣಶಾಸ್ತ್ರದಲ್ಲಿ ಅವನ ಸಂಶೋಧನೆಯ ವಿಷಯ ಬೇರೆ ಬೇರೆ ಪ್ರದೇಶಗಳಿಂದ ಹೊರದೇಶಕ್ಕೆ ಓದಲು ಹೋಗುವ ಗಂಡುಮಕ್ಕಳ ದಾಖಲಾತಿಯ ಹೋಲಿಕೆ. “ಅಮ್ಮ, ನಿಮ್ಮ ಹಳೇ ಪಟ್ಟಿ ಎಲ್ಲಾ ನೋಡ್ಬೇಕು” ಎಂದ ಕನ್ನಡದಲ್ಲಿ. ಬೇಕರಿಯಲ್ಲಿ ಕಲಿತ ಕನ್ನಡ. ಬನ್ನಿನ ಹೆಸರುಗಳು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿದ್ದವು.

ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ನನ್ನ ಪಟ್ಟಿಯನ್ನು ಓದಬೇಕೆಂದು ಕೇಳಿದ ಮೊದಲ ಮನುಷ್ಯ ಅವನು. ಸಾಹೇಬರೂ ಕಂಬಗಳನ್ನಷ್ಟೇ ನೋಡುತ್ತಿದ್ದರು. ಶಿವಣ್ಣನವರ ಹಳೆಯ ಮೇಜು ಒರೆಸಿ ಕೊಟ್ಟೆ, ದಿನಾ ಎರಡು ಸಲ ಟೀ ತರಿಸಿದೆ. ಎರಡು ತಿಂಗಳು ಕೂತು ಎಲ್ಲ ಪಟ್ಟಿಗಳನ್ನೂ ನಕಲು ಮಾಡಿಕೊಂಡ. ಅವನಿಗೆ ಕಂಡದ್ದಿಷ್ಟು: ನಮ್ಮಲ್ಲಿಗೆ ಆಫ್ರಿಕಾದಿಂದ ಬರುವ ಗಂಡುಮಕ್ಕಳು ವರ್ಷವರ್ಷಕ್ಕೂ ಇಳಿಯುತ್ತಿದ್ದಾರೆ, ಪಶ್ಚಿಮ ಏಷ್ಯಾದವರು ಏರುತ್ತಿದ್ದಾರೆ. ಏಕೆ ಹೀಗೆ ಎಂದು ಒಂದು ಅಧ್ಯಾಯವನ್ನೇ ಬರೆಯಲು ಶುರುಮಾಡಿದ.

ಅದೇ ಪಟ್ಟಿ ಸಾಹೇಬರ ತಲೆಗೂ ಹೊಕ್ಕಿತು. ವಿದೇಶಿ ಗಂಡುಮಕ್ಕಳ ಹಾಸ್ಟೆಲಿನ ಕೋಣೆಗಳನ್ನು ಇನ್ನು ಮುಂದೆ ‘ಪ್ರದೇಶವಾರು ಪ್ರಮಾಣಕ್ಕೆ ಅನುಗುಣವಾಗಿ’ ಹಂಚತಕ್ಕದ್ದು ಎಂದು ಆದೇಶ ಹೊರಡಿಸಿದರು. ಆಫ್ರಿಕಾದ ಕಂಬ ಕೆಂಪಾಗಿತ್ತು, ಅವರ ಕೋಣೆಗಳು ಅರ್ಧಕ್ಕೆ ಇಳಿದವು. ಪಶ್ಚಿಮ ಏಷ್ಯಾಕ್ಕೆ ಇಡೀ ಮೇಲಿನ ಅಂತಸ್ತು. ಹಾಸ್ಟೆಲಿನವರು ಪಾಸ್‌ಪೋರ್ಟು ನೋಡಿ ಆಫ್ರಿಕಾದವರ ಹೆಸರುಗಳನ್ನು ಬರೆದು ಚೀಟಿ ಎತ್ತಿದಾಗ ಕೋಣೆ ಕಳೆದುಕೊಂಡವರಲ್ಲಿ ಇದ್ರಿಸ್ ಒಬ್ಬ. ತಿಂಗಳೊಳಗೆ ಖಾಲಿ ಮಾಡಬೇಕೆಂದು ನೋಟಿಸು ಬಂತು.

ಹೊಸಬರಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ವಿದೇಶಿ ವಿದ್ಯಾರ್ಥಿ ಇಲ್ಲಿ ಉಳಿಯಬೇಕಾದರೆ ವರ್ಷವರ್ಷ ಅನುಮತಿ ಮುಂದುವರಿಸಿಕೊಳ್ಳಬೇಕು. ಅದಕ್ಕೆ ಪೊಲೀಸರಲ್ಲಿ ದಾಖಲಾದ ಒಂದು ವಿಳಾಸ ಬೇಕು. ಹಾಸ್ಟೆಲಿನವರೋ ಮನೆ ಮಾಲೀಕರೋ, ಈತ ನಮ್ಮಲ್ಲಿದ್ದಾನೆ ಎಂದು ನಮೂನೆ ತುಂಬಿ ಕೊಡಬೇಕು. ಇದ್ರಿಸ್‌ನ ಅನುಮತಿ ಮುಗಿಯಲು ಉಳಿದಿದ್ದು ಐದು ವಾರ. ವಿಳಾಸವಿಲ್ಲದಿದ್ದರೆ ದೇಶ ಬಿಡಬೇಕು, ಪ್ರಬಂಧ ಅರ್ಧಕ್ಕೆ ನಿಲ್ಲುತ್ತದೆ. ಊರಿಗೆ ಹೋಗೋಣವೆಂದರೆ ಅಲ್ಲಿ ಯುದ್ಧ. ಅವನ ಮನೆಯಿದ್ದ ಬೀದಿ ಈಗ ಇದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ನೋಟಿಸು ಹಿಡಿದುಕೊಂಡು ಅವನು ನನ್ನ ಮೇಜಿನ ಮುಂದೆ ಕೂತ. ಅಳಲಿಲ್ಲ, ಕೂಗಾಡಲಿಲ್ಲ. ಸಂಶೋಧಕ ತಾನೆ, ಪ್ರಶ್ನೆ ಕೇಳಿದ.

“ಅಮ್ಮ, ಮೇಲಿನ ಅಂತಸ್ತಲ್ಲಿ ಒಂಬತ್ತು ರೂಮಿಗೆ ಬೀಗ. ಯಾರೂ ಇಲ್ಲ. ಪಶ್ಚಿಮ ಏಷ್ಯಾದವರು ಅಷ್ಟೊಂದು ಜನ ಇದ್ರೆ, ಅವರೆಲ್ಲ ಎಲ್ಲಿ?”

“ಹೊರಗಡೆ ಮನೆ ಮಾಡಿಕೊಂಡಿರಬೇಕು ಕಣಪ್ಪ.”

“ನಮ್ಮ ಸುಡಾನಿನವರೇ ಇಲ್ಲಿ ಒಂಬತ್ತು ಜನ ಇದೀವಿ. ಪ್ರತಿ ಶುಕ್ರವಾರ ಒಟ್ಟಿಗೆ ಊಟ ಮಾಡ್ತೀವಿ. ನಿಮ್ಮ ಪಟ್ಟೀಲಿ ಸುಡಾನ್ ಅಂತ ಇರೋದು ಇಬ್ರೇ. ನಾನು ಯಾವ ಸಾಲಲ್ಲಿ ಇದೀನಿ?”

ಅವನ ಫೈಲು ತೆಗೆದೆ. ಅವನ ತಂದೆ ರಿಯಾದಿನಲ್ಲಿ ಕೆಲಸದಲ್ಲಿದ್ದರು. ಇವನು ಅಲ್ಲಿಗೆ ಹೋಗಿದ್ದಾಗ ವೀಸಾ ಮಾಡಿಸಿಕೊಂಡಿದ್ದ. ಮೇಲಿನ ಹಾಳೆಯಲ್ಲಿ ರಿಯಾದ್ ಎಂದಿತ್ತು. ನಾನೇ ಹಸಿರು ಶಾಯಿಯಲ್ಲಿ ಮೂಲೆಗೆ ‘ಪ.ಏ.’ ಎಂದು ಬರೆದಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಟ್ಯಾಗ್ ಬಿಚ್ಚಿದೆ. ಕೆಳಗೆ ಪಾಸ್‌ಪೋರ್ಟು, ಸುಡಾನ್. ಇನ್ನೊಂದು ಫೈಲು ಬಿಚ್ಚಿದೆ, ವೀಸಾ ದುಬೈ, ಪಾಸ್‌ಪೋರ್ಟು ಇಥಿಯೋಪಿಯಾ. ಮತ್ತೊಂದು, ವೀಸಾ ಜೆದ್ದಾ, ಪಾಸ್‌ಪೋರ್ಟು ಸೊಮಾಲಿಯಾ. ಸಂಜೆಯ ಹೊತ್ತಿಗೆ ನನ್ನ ಮೇಜಿನ ಮೇಲೆ ಪಶ್ಚಿಮ ಏಷ್ಯಾದ ಕಟ್ಟಿನ ಅರ್ಧಭಾಗ ಆಫ್ರಿಕಾಕ್ಕೆ ಸೇರಿದ್ದೆಂದು ರಾಶಿಬಿದ್ದಿತ್ತು. ಆಫ್ರಿಕಾದ ಗಂಡುಮಕ್ಕಳು ಕಡಿಮೆಯಾಗಿರಲೇ ಇಲ್ಲ. ತಂದೆ ಅಣ್ಣಂದಿರು ಕೊಲ್ಲಿ ದೇಶಗಳಲ್ಲಿ ದುಡಿಯಲು ಹೋದಂತೆಲ್ಲ ಇವರ ವೀಸಾ ಅಲ್ಲಿ ಆಗುತ್ತಿತ್ತು, ಅಷ್ಟೆ.

ನನಗೆ ನಾಚಿಕೆಯಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಾನು ಮಾರುಕಟ್ಟೆಗೆ ಬೇಗ ಹೋಗಬೇಕೆಂದು ಬಿಚ್ಚದ ಟ್ಯಾಗು ಈ ಮನುಷ್ಯನ ಕೋಣೆಯನ್ನು ತಿಂದಿತ್ತು. ಅವನ ಅಧ್ಯಾಯವನ್ನೂ ತಿಂದಿತ್ತು. ಅವನು ಮಾತ್ರ ಫೈಲುಗಳನ್ನು ನೋಡುತ್ತಾ, “ಅಮ್ಮ, ನಾವು ಯಾಕೆ ಕಡಿಮೆ ಆಗ್ತಿದೀವಿ ಅಂತ ನಾನು ಅರವತ್ತು ಪುಟ ಬರೆದುಬುಟ್ಟೆ” ಎಂದು ನಕ್ಕ. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಸಾಹೇಬರ ಮುಂದೆ ನಿಂತೆ. ಲೆಕ್ಕ ತಪ್ಪಾಗಿದೆ, ತಪ್ಪು ನನ್ನದೇ, ತಿದ್ದಿದರೆ ಕೋಣೆಗಳ ಹಂಚಿಕೆಯೂ ಸರಿಹೋಗುತ್ತದೆ ಎಂದೆ. ಸಾಹೇಬರು ಕನ್ನಡಕ ತೆಗೆದರು.

“ಜಯಮ್ಮನೋರೆ, ಪಟ್ಟಿ ಮೇಲಕ್ಕೆ ಹೋಗಾಯ್ತಲ್ರೀ. ಅದರ ಮೇಲೆ ನಾನು ಎರಡು ಕಡೆ ಭಾಷಣ ಮಾಡಿದೀನಿ.”

“ಆದ್ರೆ ಆ ಹುಡುಗ ಬೀದಿಗೆ ಬೀಳ್ತಾನೆ ಸಾರ್.”

ಅವರು ಮೇಜಿನ ಮೇಲಿದ್ದ ಪಟ್ಟಿ ಎತ್ತಿ ನೋಡಿದರು. ಮುಖ ಅರಳಿತು. “ನಮ್ಮ ಪಟ್ಟಿ ಪ್ರಕಾರ ಆತ ಪಶ್ಚಿಮ ಏಷ್ಯಾ ತಾನೆ? ಮೇಲಿನ ಅಂತಸ್ತಲ್ಲಿ ರೂಮು ಖಾಲಿ ಇದೆ ತಾನೆ? ನಾನು ಪಶ್ಚಿಮ ಏಷ್ಯಾದವನು ಅಂತ ಒಂದು ಚೀಟೀಲಿ ಬರೆದು ಸಹಿ ಹಾಕಿಕೊಡ್ಲಿ, ಇವತ್ತೇ ಬೀಗದ ಕೈ ಕೊಡ್ಸಿ. ಪಟ್ಟಿ ಯಾಕ್ರೀ ತಿದ್ಬೇಕು?”

ಇದಕ್ಕೆ ಆಡಳಿತ ಜಾಣ್ಮೆ ಎನ್ನುತ್ತಾರೆ. ಪಟ್ಟಿ ಹಾಗೇ ಇರಬೇಕು, ಮನುಷ್ಯ ಬದಲಾಗಬೇಕು. ನನಗೂ ಅದು ಒಳ್ಳೆಯ ದಾರಿಯೆಂದೇ ಕಂಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಓಡಿಬಂದು ಇದ್ರಿಸ್‌ಗೆ ಹೇಳಿದೆ, ಚೀಟಿ ಪೆನ್ನು ಎರಡೂ ಮುಂದಿಟ್ಟೆ.

ಅವನು ಪೆನ್ನು ಮುಟ್ಟಲಿಲ್ಲ. “ಅಮ್ಮ, ಈ ಲೆಕ್ಕ ಸುಳ್ಳು ಅಂತ ನನ್ನ ಪುಸ್ತಕದಲ್ಲಿ ಬರೀತೀನಿ. ಇಲ್ಲಿ ನಿಜ ಅಂತ ಸಹಿ ಹಾಕ್ಲಾ? ಮತ್ತೆ, ನಂದು ಊರು ಅಂತ ಉಳಿದಿರೋದು ಹೆಸರು ಒಂದೇ. ಅದನ್ನೂ ರೂಮಿಗೆ ಕೊಟ್ಬುಡ್ಲಾ?”

ಆ ದಿನವೇ ನಾನು ಟಿಪ್ಪಣಿ ಬರೆದೆ. ಪ್ರದೇಶ ಗುರುತಿಸುವಲ್ಲಿ ನನ್ನಿಂದ ಇಂಥ ತಪ್ಪಾಗಿದೆ, ತಿದ್ದಿದ ಪಟ್ಟಿ ಲಗತ್ತಿಸಿದೆ, ಕೋಣೆಗಳನ್ನು ಮರುಹಂಚಿಕೆ ಮಾಡಬೇಕೆಂದು ಕೋರಿದೆ, ನನ್ನ ಹೆಸರು ಬರೆದು ಸಹಿ ಹಾಕಿ ಕಳಿಸಿದೆ. ಅದು ನನ್ನ ಸರ್ವೀಸಿನಲ್ಲಿ ನಾನು ಮೇಲಿನವರಿಗೆ ಬರೆದ ಮೊದಲ ನಿಜವಾದ ಕಾಗದ. ವಾರಗಟ್ಟಲೆ ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ‘ಚರ್ಚಿಸಿ’ ಎಂಬ ಷರಾ ಹೊತ್ತು ತಿರುಗಿತು. ಯಾರೂ ಚರ್ಚಿಸಲಿಲ್ಲ.

ಕಾಗದ ತಿರುಗುತ್ತಿದ್ದಾಗ ನಾನು ಇದ್ರಿಸ್‌ನನ್ನು ಕರೆದುಕೊಂಡು ಬಾಡಿಗೆ ಮನೆ ಹುಡುಕಲು ಹೊರಟೆ. ಮೊದಲ ಭಾನುವಾರ ಲಕ್ಷ್ಮೀಪುರಂನಲ್ಲಿ ಒಬ್ಬ ಹಿರಿಯರ ಔಟ್‌ಹೌಸ್. ಬಾಗಿಲಲ್ಲೇ ನಿಲ್ಲಿಸಿ ನನ್ನನ್ನು ಕೇಳಿದರು, “ಇವರು ಮಾಂಸ ತಿಂತಾರಾ?”

“ತಿಂತಾರೆ ಸಾರ್. ನಾನೂ ತಿಂತೀನಿ.”

“ಛೆ ಛೆ, ನಿಮ್ಮನ್ನ ಕೇಳಲಿಲ್ಲಮ್ಮ” ಎಂದು ಅವರೇ ಸಂಕೋಚಪಟ್ಟುಕೊಂಡು ಬಾಗಿಲು ಹಾಕಿಕೊಂಡರು. ಬಹಳ ಮರ್ಯಾದಸ್ಥರು.

ಆಮೇಲೆ ಹಿನಕಲ್‌ಗೆ ಹೋದೆವು. ಹಿನಕಲ್ ನನ್ನ ತವರು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನನ್ನ ತಮ್ಮ ಮಹದೇವು ಮೂರಂತಸ್ತು ಕಟ್ಟಿಸಿ, ಕೋಣೆಕೋಣೆಯಾಗಿ ಬಾಡಿಗೆಗೆ ಬಿಟ್ಟಿದ್ದಾನೆ. ‘ಕೋಣೆ ಖಾಲಿ ಇದೆ’ ಎಂಬ ಬೋರ್ಡು ಗೇಟಿಗೇ ನೇತಾಡುತ್ತಿತ್ತು. ಮಹದೇವು ನನಗೆ ಕಾಫಿ ಕೊಡಿಸಿದ, ಇದ್ರಿಸ್‌ಗೂ ಕೊಡಿಸಿದ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದ.

“ಅಕ್ಕ, ಬೇಜಾರ್ ಮಾಡ್ಕೋಬ್ಯಾಡ. ನಾವು ಫ್ಯಾಮಿಲಿಗೇ ಕೊಡೋದು.”

“ಎರಡನೇ ಅಂತಸ್ತಲ್ಲಿ ನಾಲ್ಕು ಗಂಡು ಹುಡುಗ್ರು ಬನೀನು ಒಣಗಾಕವ್ರಲ್ಲೋ, ಅದ್ಯಾವ ಫ್ಯಾಮಿಲಿ?”

“ಅವ್ರು ನಮ್ಮೋರು ಕಣಕ್ಕ. ಇವ್ರು ಎಂಗೆ ಏನು ಅಂತ ನಮಗೇನ್ ಗೊತ್ತು?”

“ಮಾತಾಡ್ಸು, ಗೊತ್ತಾಯ್ತದೆ. ಕನ್ನಡ ಬರ್ತದೆ ಅವನಿಗೆ.”

“ಅಯ್ಯೋ, ಬುಡಕ್ಕ. ನೋಡಿದ್ರೇ ಗೊತ್ತಾಗಕ್ಕಿಲ್ವಾ?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಪ್ಪನ ಹೊಲವಾಗಿದ್ದ ಆ ಹಿತ್ತಲಲ್ಲಿ ನಿಂತು ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಮುಖ ಮೂತಿ ನೋಡಿ ಮನುಷ್ಯರನ್ನು ಅಳೆಯುತ್ತೀಯಾ, ಒಳಗೇನಿದೆ ನೋಡುವುದಿಲ್ಲವಾ ಎಂದು ದೊಡ್ಡ ಮಾತುಗಳನ್ನೆಲ್ಲ ಆಡಿದೆ. ಇದ್ರಿಸ್ ಗೇಟಿನ ಹತ್ತಿರ ನಿಂತು ಆ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಿದ್ದ.

ಇನ್ನೆರಡು ಭಾನುವಾರ ಹೀಗೇ ಕಳೆದವು. ಅನುಮತಿ ಮುಗಿಯಲು ಒಂದು ವಾರ ಉಳಿದಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತು ನಾನು ಊರಿನ ಮನೆ ಮಾಲೀಕರನ್ನೆಲ್ಲ ಸಾಲಾಗಿ ಬೈಯುತ್ತಿದ್ದೆ. ಲಕ್ಷ್ಮೀಪುರಂ ಹೀಗೆ, ಹಿನಕಲ್ ಹಾಗೆ, ಮನುಷ್ಯತ್ವ ಎಲ್ಲಿದೆ, ಇತ್ಯಾದಿ. ಯಜಮಾನರು ಅನ್ನ ಕಲಸುತ್ತಾ ಕೇಳಿಸಿಕೊಂಡರು.

“ಜಯ, ಒಂದ್ ಮಾತು ಕೇಳ್ಲಾ? ನಮ್ ಮ್ಯಾಲಿನ ರೂಮು ಯಾವ ಖಂಡಕ್ಕೆ ಸೇರ್ತದೆ?”

ಸಿದ್ಧಾರ್ಥನಗರದಲ್ಲಿ ನಮ್ಮದೇ ಮನೆ. ಮಹಡಿಯ ಮೇಲೆ ಒಂದು ಕೋಣೆ, ಬಚ್ಚಲು, ಬೇರೆ ಮೆಟ್ಟಿಲು. ನೆಂಟರು ಬಂದರೆ ಬೇಕಾಗುತ್ತದೆ ಎಂದು ಆರು ವರ್ಷದಿಂದ ಖಾಲಿ ಇಟ್ಟಿದ್ದೆ. ನೆಂಟರು ಯಾರೂ ಬಂದಿರಲಿಲ್ಲ. ಮೂರು ಭಾನುವಾರ ಊರೆಲ್ಲ ಸುತ್ತಿದ ನನಗೆ ಅದು ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳು. ಹೊಳೆದಿತ್ತು. ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ ಎಂದು ನಾನೇ ಅದನ್ನು ತಳ್ಳಿಹಾಕಿದ್ದೆ. ಮಹದೇವು ಬಾಯಿಬಿಟ್ಟು ಹೇಳಿದ, ನಾನು ಹೇಳಿರಲಿಲ್ಲ. ನಮ್ಮಿಬ್ಬರಿಗೆ ಇದ್ದ ವ್ಯತ್ಯಾಸ ಅಷ್ಟೇ.

ಮರುದಿನ ಬೆಳಿಗ್ಗೆ ಯಜಮಾನರೇ ನಮೂನೆ ತುಂಬಿದರು. ಇದ್ರಿಸ್ ಎರಡು ಪೆಟ್ಟಿಗೆ ಪುಸ್ತಕ, ಒಂದು ಸಣ್ಣ ಕಾಫಿ ಪಾತ್ರೆ ತೆಗೆದುಕೊಂಡು ಬಂದ. ಅನುಮತಿ ಮುಗಿಯಲು ಎರಡು ದಿನ ಇರುವಾಗ ಪೊಲೀಸ್ ದಾಖಲೆ ಆಯಿತು. ಎದುರು ಮನೆಯವರು ಒಂದು ವಾರ ಕಿಟಕಿಯಲ್ಲಿ ನಿಂತು ನೋಡಿದರು. ಎರಡನೇ ವಾರ ಮಗಳಿಗೆ ಇಂಗ್ಲಿಷ್ ಹೇಳಿಕೊಡ್ತಾರಾ ಅಂತ ಕೇಳಿಕೊಂಡು ಬಂದರು.

ಇತ್ತ ನನ್ನ ಟಿಪ್ಪಣಿಗೆ ಕೆಲವು ತಿಂಗಳ ಮೇಲೆ ಉತ್ತರ ಬಂತು. ನಿವೃತ್ತಿಗೆ ಆಗ ಉಳಿದದ್ದು ಒಂದೇ ತಿಂಗಳು. ಸಾಹೇಬರ ಆದೇಶ ನನಗೆ ಬಾಯಿಪಾಠವಾಗಿದೆ: ‘ಮಧ್ಯದಲ್ಲಿ ವಿಧಾನ ಬದಲಿಸಿದಲ್ಲಿ ಹಿಂದಿನ ವರ್ಷಗಳೊಂದಿಗೆ ಹೋಲಿಕೆ ಕೆಡುವುದರಿಂದ, ಫೈಲಿನ ಮೇಲಿನ ಹಾಳೆಯ ಆಧಾರದಲ್ಲಿ ಪ್ರದೇಶ ಗುರುತಿಸುವ ಹಳೆಯ ಪದ್ಧತಿಯನ್ನೇ ಚಾಚೂ ತಪ್ಪದೆ ಮುಂದುವರಿಸತಕ್ಕದ್ದು.’ ಅಂದರೆ ಲೆಕ್ಕ ತಪ್ಪಾದರೂ ಚಿಂತೆಯಿಲ್ಲ, ಪ್ರತಿ ವರ್ಷ ಒಂದೇ ಥರ ತಪ್ಪಾಗಬೇಕು.

ಆದೇಶವನ್ನು ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ನನಗೆ ನಗು ಬಂತು. ಮೇಲಿನ ಹಾಳೆ ಎಂದಿತ್ತು. ಮೇಲೆ ಯಾವ ಹಾಳೆ ಇರಬೇಕು ಎಂದು ಎಲ್ಲೂ ಬರೆದಿರಲಿಲ್ಲ.

‘ಹಳೆಯ ಟ್ಯಾಗುಗಳು ಜೀರ್ಣವಾಗಿರುವುದರಿಂದ ಎಲ್ಲ ಫೈಲುಗಳಿಗೆ ಹೊಸ ಟ್ಯಾಗು ಹಾಕಲು ಅನುಮತಿ ಕೋರಿ’ ಎಂದು ಒಂದು ಕಾಗದ ಬರೆದೆ. ಎರಡನೇ ಪುಟದಲ್ಲಿ, ಟ್ಯಾಗು ಹಾಕುವಾಗ ಪಾಸ್‌ಪೋರ್ಟಿನ ಪ್ರತಿಯನ್ನು ಮೇಲಕ್ಕೆ ತರಲಾಗುವುದು, ಮುಂದೆ ಬರುವ ಫೈಲುಗಳಿಗೂ ಇದೇ ಕ್ರಮ ಅನ್ವಯಿಸುವುದು ಎಂದು ಸ್ಪಷ್ಟವಾಗಿಯೇ ನಮೂದಿಸಿದೆ. ಸಾಹೇಬರು ಮೊದಲ ಪುಟ ನೋಡಿ ಸಹಿ ಹಾಕಿದರು. ಅವರೂ ಶಿವಣ್ಣನವರ ಶಿಷ್ಯರೇ ಇರಬೇಕು, ನನಗೆ ಗೊತ್ತಿರಲಿಲ್ಲ.

ನನ್ನ ಜಾಗಕ್ಕೆ ಬಂದಿದ್ದ ಚೈತ್ರಾ ಎಂಬ ಹುಡುಗಿಯೂ ನಾನೂ ಕೂತು ಮೂರು ವಾರದಲ್ಲಿ ಒಂದೊಂದು ಫೈಲನ್ನೂ ಬಿಚ್ಚಿ ಪೋಣಿಸಿದೆವು. ಬೆರಳ ತುದಿಗಳು ಒಡೆದವು. ಹಾಳೆ ಒಂದೂ ಹರಿಯಲಿಲ್ಲ.

“ಮೇಡಂ, ಪಟ್ಟಿ ಮಾಡುವಾಗ ನಾನು ಏನು ನೋಡ್ಬೇಕು?” ಎಂದಳು ಕೊನೆಯ ದಿನ.

“ಆದೇಶದಲ್ಲಿ ಇದೆಯಲ್ಲಮ್ಮ. ಮೇಲಿನ ಹಾಳೆ ನೋಡು. ಚಾಚೂ ತಪ್ಪದೆ.”

ನಾನು ನಿವೃತ್ತಳಾದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ನನ್ನ ಪ್ರಾಮಾಣಿಕತೆಯ ಬಗ್ಗೆ ಸಾಹೇಬರು ಮಾತಾಡಿದರು, ನನ್ನ ಟಿಪ್ಪಣಿಯ ಬಗ್ಗೆ ಮಾತಾಡಲಿಲ್ಲ. ಮುಂದಿನ ಪಟ್ಟಿಯನ್ನು ಚೈತ್ರಾ ಹಳೆಯ ಪದ್ಧತಿಯಂತೆಯೇ ತಯಾರಿಸಿದಳು. ಪಶ್ಚಿಮ ಏಷ್ಯಾದ ಕಂಬ ಧೊಪ್ಪನೆ ಇಳಿಯಿತು, ಆಫ್ರಿಕಾದ್ದು ಒಂದೇ ವರ್ಷದಲ್ಲಿ ಮೇಲಕ್ಕೆ ಹಾರಿತು. ಪ್ರಮಾಣಕ್ಕೆ ಅನುಗುಣವಾಗಿ ಮೇಲಿನ ಅಂತಸ್ತಿನ ಬೀಗಗಳು ತೆರೆದವು. ಕೋಣೆ ಕಳೆದುಕೊಂಡವರೆಲ್ಲ ಹಾಸ್ಟೆಲಿಗೆ ವಾಪಸು ಹೋದರು, ಇದ್ರಿಸ್ ಒಬ್ಬನನ್ನು ಬಿಟ್ಟು. ಅವನನ್ನು ಕಳಿಸಲು ನಮ್ಮ ಯಜಮಾನರು ಒಪ್ಪಲಿಲ್ಲ. ಅವನ ಪ್ರಬಂಧ ಮುಗಿಯಿತು. ಕಡಿಮೆಯಾದವರ ಬಗ್ಗೆ ಬರೆದ ಅರವತ್ತು ಪುಟ ಹರಿದುಹಾಕಿ, ಎಣಿಸುವವರು ಹೇಗೆ ಎಣಿಸುತ್ತಾರೆ ಎಂಬ ಬಗ್ಗೆ ನಲವತ್ತು ಪುಟ ಬರೆದ. ಅದರಲ್ಲಿ ನನ್ನ ತಪ್ಪು ವಿವರವಾಗಿದೆ. ಹೆಸರು ಹಾಕಲೇ ಎಂದು ಕೇಳಿದಾಗ ಹಾಕಪ್ಪ ಎಂದೆ.

ಆ ಹಸಿರು ಕಂಬವನ್ನು ನೋಡಿ ಸಂಸ್ಥೆಯವರು ಒಂದು ಸಮಾರಂಭ ಇಟ್ಟುಕೊಂಡರು. ಆಫ್ರಿಕಾದ ಗಂಡುಮಕ್ಕಳನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೆಳೆದದ್ದಕ್ಕೆ ಮೂರ್ತಿ ಸಾಹೇಬರಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ. ನಿವೃತ್ತರಿಗೂ ಆಹ್ವಾನವಿತ್ತು, ಇದ್ರಿಸ್ ಜೊತೆ ಹೋದೆ. ಮೂರು ವರ್ಷಗಳ ತಮ್ಮ ದೂರದೃಷ್ಟಿಯ ಫಲ ಇದು ಎಂದು ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ‘ಹೊಸದಾಗಿ ಬಂದಿರುವ’ ಆಫ್ರಿಕಾದ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದರು. ಇದ್ರಿಸ್‌ನನ್ನೂ ಯಾರೋ ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸಿದರು. ಸಾಹೇಬರು ಅವನ ಕೈಕುಲುಕಿ, “ಮೈಸೂರಿಗೆ ಸ್ವಾಗತ” ಎಂದರು.

“ನಾನು ಬಂದು ನಾಲ್ಕು ವರ್ಷ ಆಯ್ತು ಸಾರ್” ಎಂದ ಇದ್ರಿಸ್. “ನೀವು ಎಣಿಸಿದ್ದು ಈಗ.”

“ಅರೆರೆ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ ನೋಡ್ರೀ!” ಎಂದು ಸಾಹೇಬರು ಫೋಟೋ ತೆಗೆಯುವವನ ಕಡೆ ತಿರುಗಿದರು.

ನಾವಿಬ್ಬರೂ ಸಿಟಿ ಬಸ್ಸು ಹತ್ತಿ ಮನೆಗೆ ಬಂದೆವು. ಯಜಮಾನರು ಬಾಗಿಲು ತೆಗೆದು, ಯಾವತ್ತಿನ ಹಾಗೆ ಮೊದಲು ನನ್ನ ಮುಖ ನೋಡಿದರು, ಆಮೇಲೆ ಅವನ ಮುಖ ನೋಡಿದರು.

“ಎರಡು ತಲೆ. ರೈಟ್” ಎಂದು ಒಳಗೆ ಕರೆದುಕೊಂಡರು.